ಮಾವಿನ ಮರದ ಬುಡದಲ್ಲಿ ಒಂದೂವರೆ ಕೆಜಿ ಅಣಬೆ, ಅಡಿಯಲ್ಲಿ ಪದರವಿಲ್ಲ, ಸ್ಪಂಜಿನ ಹಾಗಿದೆ. ಇದು ಬೊಲೀಟಾ? ತಿನ್ನಬಹುದಾ?

ಹೊಳಲ್ಕೆರೆ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಬದುವಿನ ಮೇಲೆ ನಾಲ್ಕು ಹಳೇ ಮಾವಿನ ಮರಗಳಿವೆ. ಈ ಸಲ ಹುಬ್ಬೆ ಮಳೆ ಐದು ದಿನ ಬಿಡದೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಬಸಿಗಾಲುವೆ ಕಟ್ಟಿಕೊಂಡಿದೆಯಾ ಅಂತ ನೋಡಲು ಹೋದೆ. ಒಂದು ಮಾವಿನ ಮರದಿಂದ ಎರಡು ಮಾರು ದೂರದಲ್ಲಿ ಇದು ಕಂಡಿತು. ದೂರದಿಂದ ಯಾರೋ ಕಂದು ಬಣ್ಣದ ಬುಟ್ಟಿ ಮಗುಚಿ ಇಟ್ಟ ಹಾಗಿತ್ತು.

ಒಟ್ಟು ಮೂರು ಇದ್ದವು. ದೊಡ್ಡದರ ಟೋಪಿ ಅಡ್ಡಕ್ಕೆ 24 ಸೆಂ.ಮೀ. ಮನೆಗೆ ತಂದು ತೂಗಿದರೆ ಒಂದೂವರೆ ಕೆಜಿ. ಮೇಲ್ಭಾಗ ಹುಣಸೆಹಣ್ಣಿನ ಬಣ್ಣ, ಸ್ವಲ್ಪ ಮಖಮಲ್ಲಿನ ಹಾಗೆ. ಅಡಿಯಲ್ಲಿ ನಮ್ಮ ಹುತ್ತದ ಅಣಬೆಯ ಹಾಗೆ ಪದರ ಪದರ ಇಲ್ಲ. ಸಣ್ಣ ಸಣ್ಣ ತೂತಿನ ಹಳದಿ ಸ್ಪಂಜು. ಕಾಲು ನನ್ನ ಮುಂಗೈಗಿಂತ ದಪ್ಪ.

ಅವ್ವ ಮಾತ್ರ ಒಲೆ ಹತ್ತಿರಕ್ಕೂ ಬಿಡಲಿಲ್ಲ. "ಅಡಿಯಲ್ಲಿ ಗೂಡಿನ ಹಾಗಿರೋದನ್ನ ನಮ್ಮ ಮನೇಲಿ ಯಾರೂ ತಿಂದಿಲ್ಲ" ಅಂದಳು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಬೊಲೀಟ್ ಅಂತ ಬರುತ್ತದೆ, ಬಹಳ ರುಚಿ ಅಂತಲೂ ಬರುತ್ತದೆ. ಫೋಟೋ ಹಾಕಿದ್ದೇನೆ. ತಿಳಿದವರು ಹೇಳಿ.

ಚನ್ನಗಿರಿ ಹುಡುಗ:

ಅಣ್ಣ, ನಿಮ್ಮ ಫೋಟೋವನ್ನು ಆ್ಯಪ್‌ಗೆ ಹಾಕಿ ನೋಡಿದೆ. ಬೊಲೀಟಸ್ ಎಡುಲಿಸ್ ಅಂತ ಬಂತು. ಅದನ್ನೇ ಇಟಲಿಯಲ್ಲಿ ಪೋರ್ಚಿನಿ ಅನ್ನುತ್ತಾರಂತೆ. ಒಣಗಿದ್ದು ತುಂಬ ದುಬಾರಿ. ಎಡುಲಿಸ್ ಅಂದರೇನೇ ತಿನ್ನಲು ಯೋಗ್ಯ ಅಂತ ಅರ್ಥ. ಯೋಚನೆ ಮಾಡಬೇಡಿ, ಪಲ್ಯ ಮಾಡಿ.

ಜಗಳೂರು ಅಣ್ಣ:

ನಮ್ಮ ಮನೆಯಲ್ಲಿ ಹಿಂದಿನಿಂದ ಒಂದು ಪದ್ಧತಿ ಇದೆ. ಅಣಬೆ ಬೇಯುವಾಗ ಬೆಳ್ಳಿ ಉಂಗುರ ಹಾಕುತ್ತೇವೆ. ಉಂಗುರ ಕಪ್ಪಾದರೆ ಚೆಲ್ಲುತ್ತೇವೆ. ಕಪ್ಪಾಗದಿದ್ದರೆ ಊಟ. ಇನ್ನೊಂದು, ಹುಳ ತಿಂದಿದ್ದರೆ ಮನುಷ್ಯನೂ ತಿನ್ನಬಹುದು. ನಿಮ್ಮ ಫೋಟೋದಲ್ಲಿ ಒಂದು ಕಡೆ ಹುಳ ಕಡಿದ ಹಾಗೆ ಕಾಣುತ್ತದೆ. ಹಾಗಾಗಿ ತೊಂದರೆ ಇಲ್ಲ ಅನ್ನಿಸುತ್ತೆ.

ಬಾಟನಿ ಮೇಷ್ಟ್ರು:

ದಯವಿಟ್ಟು ಇವತ್ತು ಯಾರೂ ಪಲ್ಯ ಮಾಡಬೇಡಿ. ಅವ್ವ ಹೇಳಿದ್ದು ಸರಿ, ಇವತ್ತಿನ ಮಟ್ಟಿಗಂತೂ ನೂರಕ್ಕೆ ನೂರು ಸರಿ.

ನಾನು ಚಿತ್ರದುರ್ಗದಲ್ಲಿ ಬಾಟನಿ ಪಾಠ ಮಾಡಿ ನಿವೃತ್ತನಾದವನು. ಅಣಬೆ ನನ್ನ ಬಹಳ ದಿನದ ಪ್ರೀತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಚನ್ನಗಿರಿಯ ತಮ್ಮನಿಗೆ. ಬೊಲೀಟಸ್ ಎಡುಲಿಸ್ ಅನ್ನುವ ಹೆಸರನ್ನು ಫ್ರಾನ್ಸಿನ ಬುಲ್ಯಾರ್ 1782ರಲ್ಲಿ ಕೊಟ್ಟದ್ದು. ಅರ್ಥ ನೀನು ಹೇಳಿದ್ದೇ. ಆದರೆ ಆ ಅಣಬೆ ಒಂಟಿಯಾಗಿ ಬದುಕುವುದಿಲ್ಲಪ್ಪ. ಪೈನ್, ಸ್ಪ್ರೂಸ್, ಓಕ್, ಬರ್ಚ್ ಇಂಥ ಮರಗಳ ಬೇರಿನ ತುದಿಗೆ ಕವಚದ ಹಾಗೆ ಸುತ್ತಿಕೊಂಡು, ಮರಕ್ಕೆ ನೀರು, ರಂಜಕ ಕೊಟ್ಟು, ಮರದಿಂದ ಸಕ್ಕರೆ ತೆಗೆದುಕೊಳ್ಳುತ್ತದೆ. ತಂಪು ದೇಶದ ಸಂಸಾರ ಅದು. ನಮ್ಮ ಮಾವು, ಹುಣಸೆ, ಅಡಿಕೆ, ತೆಂಗಿನ ಬೇರಿಗೆ ಆ ಥರದ ನಂಟು ಇಲ್ಲ. ಅವುಗಳ ಬೇರಿನೊಳಗೆ ಇರುವ ಶಿಲೀಂಧ್ರವೇ ಬೇರೆ, ಅದು ನೆಲದ ಮೇಲೆ ಕೊಡೆ ಬಿಡುವುದೂ ಇಲ್ಲ. ಹೊಳಲ್ಕೆರೆಯ ಮಾವಿನ ಮರದ ಕೆಳಗೆ ಪೋರ್ಚಿನಿ ಬಂತು ಅಂದರೆ ನಾನು ನಂಬುವುದಿಲ್ಲ. ಆ್ಯಪ್‌ಗೆ ಮರ ಕಾಣುವುದಿಲ್ಲ, ಬಣ್ಣ ಮತ್ತು ಆಕಾರ ಮಾತ್ರ ಕಾಣುತ್ತದೆ.

ಇನ್ನೊಂದು ವಿಷಯ ಕೇಳು. 2014ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಇಬ್ಬರು ವಿಜ್ಞಾನಿಗಳು ಅಂಗಡಿಯಲ್ಲಿ ಒಣ ಪೋರ್ಚಿನಿಯ ಒಂದು ಪ್ಯಾಕೆಟ್ ಕೊಂಡು, ಅದರಿಂದ 15 ಚೂರು ತೆಗೆದು ಡಿಎನ್‌ಎ ನೋಡಿದರು. ಚೀನಾದಿಂದ ಬಂದ ಮಾಲು. ಆ ಚೂರುಗಳಲ್ಲಿ ಮೂರು ಜಾತಿ ಸಿಕ್ಕವು. ಮೂರಕ್ಕೂ ಅಲ್ಲಿಯವರೆಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ! ಕಾರ್ಖಾನೆ ದಾಟಿ ಪ್ಯಾಕ್ ಆದದ್ದರ ಕಥೆಯೇ ಹೀಗೆ. ಒಂದು ಫೋಟೋ ನೋಡಿ ಹೆಸರು ಹೇಳುವುದು ಹೇಗೆ?

ಜಗಳೂರಿನ ಅಣ್ಣನವರೇ, ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ. ಬೇಯಿಸಿದ ಮೊಟ್ಟೆಗೆ ಬೆಳ್ಳಿ ಚಮಚ ತಾಗಿಸಿದರೂ ಕಪ್ಪಾಗುತ್ತದೆ. ಜನರನ್ನು ಕೊಲ್ಲುವ ಅಣಬೆಯಲ್ಲಿ ಇರುವುದು ಅಮಾಟಾಕ್ಸಿನ್. ಅದು ಬೆಳ್ಳಿಯನ್ನು ಏನೂ ಮಾಡುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಅರಿಶಿನ, ಬೆಳ್ಳುಳ್ಳಿ, ಅಕ್ಕಿ ಹಾಕಿ ಬಣ್ಣ ನೋಡುವುದೂ ಹೀಗೆಯೇ. ಹುಳದ ಮಾತು ಕೂಡ ನಂಬಬೇಡಿ. ಬಸವನಹುಳು ವಿಷದ ಅಣಬೆಯನ್ನು ಆರಾಮಾಗಿ ತಿನ್ನುತ್ತದೆ, ಅದರ ಒಡಲೇ ಬೇರೆ.

ಈಗ ತೋಟದವರಿಗೆ ಕೆಲಸ. ಒಂದು: ಉಳಿದ ಎರಡರಲ್ಲಿ ಒಂದನ್ನು ಬುಡಸಮೇತ ಅಗೆದು ತೆಗೆಯಿರಿ. ಎಳೆಯಬೇಡಿ, ಕುರ್ಚಿಗೆಯಿಂದ ಸುತ್ತ ಮಣ್ಣು ಬಿಡಿಸಿ. ಬುಡದಲ್ಲಿ ಚೀಲದ ಹಾಗೆ ಏನಾದರೂ ಇದೆಯಾ, ಕಾಲಿನ ಮೇಲೆ ಬಳೆ ಇದೆಯಾ ನೋಡಿ. ಎರಡು: ನಡುವೆ ಉದ್ದಕ್ಕೆ ಸೀಳಿ, ಒಳಗಿನ ಬಣ್ಣದ ಫೋಟೋ ತಕ್ಷಣ ಒಂದು, ಐದು ನಿಮಿಷ ಬಿಟ್ಟು ಒಂದು ತೆಗೆಯಿರಿ. ಮೂರು: ಕಾಲಿನ ಮೇಲೆ ಬಲೆಯ ಹಾಗೆ ಗೆರೆ ಇದೆಯಾ ಹೇಳಿ. ನಾಲ್ಕು: ಒಂದು ಟೋಪಿ ಕತ್ತರಿಸಿ, ಸ್ಪಂಜು ಕೆಳಗೆ ಬರುವಂತೆ ಕಾಗದದ ಮೇಲಿಟ್ಟು ಪಾತ್ರೆ ಮುಚ್ಚಿ. ಅರ್ಧ ಬಿಳಿ ಕಾಗದ, ಅರ್ಧ ಕಪ್ಪು ಕಾಗದ ಇರಲಿ. ಬೆಳಿಗ್ಗೆ ಬಿದ್ದ ಪುಡಿಯ ಬಣ್ಣ ನೋಡಿ ಹೇಳಿ. ಆಮೇಲೆ ಕೈ ತೊಳೆದುಕೊಳ್ಳಿ.

ಹೊಳಲ್ಕೆರೆ ತೋಟ:

ಮೇಷ್ಟ್ರೇ, ಬಹಳ ಉಪಕಾರ. ಈಗಲೇ ಹೋಗಿ ಅಗೆದು ತರುತ್ತೇನೆ. ಅವ್ವನಿಗೆ ನಿಮ್ಮ ಮಾತು ಓದಿ ಹೇಳಿದೆ, ಖುಷಿ ಆಯಿತು ಅವಳಿಗೆ.

ಮೂಡಿಗೆರೆ ತವರು:

ನಾನು ಮದುವೆಯಾಗಿ ದಾವಣಗೆರೆಗೆ ಬಂದು ಹನ್ನೆರಡು ವರ್ಷ. ತವರಿನಲ್ಲಿ ಮೊದಲ ಮಳೆ ಬಿದ್ದು ಗುಡುಗಿದರೆ ಸಾಕು, ಅಳಂಬೆ ಎದ್ದಿದೆ ಅಂತ ನಾವು ಮಕ್ಕಳೆಲ್ಲ ಓಡುತ್ತಿದ್ದೆವು. ಇಲ್ಲಿ ಆ ಮಳೆಯೂ ಇಲ್ಲ, ಆ ಕಾಡೂ ಇಲ್ಲ. ಇಲ್ಲಿನ ಅಣಬೆ ಅಂದರೆ ಸೂಪರ್ ಮಾರ್ಕೆಟ್ಟಿನ ಬಟನ್ ಅಣಬೆ. ಅದಕ್ಕೇ ಈ ಫೋಟೋ ನೋಡಿ ಮನಸ್ಸು ತುಂಬಿತು.

ನಮ್ಮ ಅಜ್ಜಿ ಹೇಳಿಕೊಟ್ಟದ್ದು ಇಷ್ಟೇ. ಹುತ್ತದ ಅಳಂಬೆಯನ್ನು ಮೇಲಿನಿಂದ ಮುರಿದು ತಂದರೆ ಅವರು ಒಳಗೆ ಸೇರಿಸುತ್ತಿರಲಿಲ್ಲ. ಬೇರು ಸಮೇತ ತರಬೇಕು. ಬಿಳೀ ಬೇರು ಉದ್ದಕ್ಕೆ ನೆಲದೊಳಗೆ ಇಳಿದಿರಬೇಕು, ಟೋಪಿಯ ನಡುವೆ ಮೊನೆ ಇರಬೇಕು. ಬೇರು ಇಲ್ಲದ್ದನ್ನು ತಿಪ್ಪೆಗೆ ಎಸೆಯುತ್ತಿದ್ದರು. ಯಾಕೆ ಅಂತ ಅವರು ಹೇಳಿರಲಿಲ್ಲ. ಮೇಷ್ಟ್ರು ಬುಡಸಮೇತ ಅಗೆಯಿರಿ ಅಂದಾಗ ಅಜ್ಜಿಯ ದನಿಯೇ ಕೇಳಿದ ಹಾಗಾಯಿತು.

ಕಾಳುಮೆಣಸು, ಕಾಯಿ ಹಾಕಿದ ಅಳಂಬೆ ಸಾರು, ಅಕ್ಕಿರೊಟ್ಟಿ. ಮಳೆಯ ದಿನ ಅದೊಂದು ಇದ್ದರೆ ಬೇರೇನೂ ಬೇಡ.

ಬಾಟನಿ ಮೇಷ್ಟ್ರು:

ತಂಗೀ, ನಿಮ್ಮ ಅಜ್ಜಿ ಹೇಳದೆ ಬಿಟ್ಟ ಕಾರಣ ಇದು. ಹುತ್ತದ ಅಣಬೆಯನ್ನು ಗೆದ್ದಲು ನೆಲದಡಿ ಸಾಕುತ್ತದೆ. ಗೆದ್ದಲಿನ ಗೂಡಿನೊಳಗೆ ಸ್ಪಂಜಿನ ಹಾಗಿರುವ ತೋಟವೇ ಅದರ ಮನೆ. ಅಲ್ಲಿಂದ ಮೇಲೆ ಬರಲು ಆ ಉದ್ದ ಬೇರು. ಬೇರು ಕೈಗೆ ಬಂತು ಅಂದರೆ ಅದು ಗೆದ್ದಲಿನ ಗೂಡಿನಿಂದ ಎದ್ದದ್ದು ಅಂತ ಗಟ್ಟಿ ಸಾಕ್ಷಿ. ಪ್ರಾಣ ತೆಗೆಯುವ ಅಮಾನಿಟಾ ಅಣಬೆಗಳ ಬುಡದಲ್ಲಿ ಮೊಟ್ಟೆಯ ಸಿಪ್ಪೆ ಒಡೆದಂಥ ಚೀಲ ಇರುತ್ತದೆ. ಮೇಲಿನಿಂದ ಮುರಿದರೆ ಬೇರೂ ಕಾಣುವುದಿಲ್ಲ, ಚೀಲವೂ ಕಾಣುವುದಿಲ್ಲ. ಎರಡೂ ಬಿಳೀ ಕೊಡೆ ಅಷ್ಟೇ. ನಿಮ್ಮ ಅಜ್ಜಿ ಒಂದೇ ಮಾತಿನಲ್ಲಿ ಎರಡು ಪರೀಕ್ಷೆ ಮಾಡಿಸಿದ್ದಾರೆ. ಅಂಥವರು ನನಗೆ ಗುರುಸಮಾನ.

ವಾರ್ಡ್ ಡ್ಯೂಟಿ:

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದೇ ಮನೆಯ ನಾಲ್ಕು ಜನ ರಾತ್ರಿ ಬಂದರು. ಬಡಾವಣೆಯ ಖಾಲಿ ಸೈಟಿನಲ್ಲಿ ಬೆಳೆದ ದೊಡ್ಡ ಬಿಳೀ ಕೊಡೆಯ ಅಣಬೆ ತಿಂದಿದ್ದರು. ಊರಿನಲ್ಲಿ ತಿನ್ನುತ್ತಿದ್ದ ಅಣಬೆಯ ಹಾಗೇ ಇತ್ತು ಅಂದರು. ಊಟವಾಗಿ ಎರಡು ಗಂಟೆಗೆಲ್ಲ ವಾಂತಿ, ಭೇದಿ. ಮಗುವಿಗೆ ಕೈಕಾಲು ತಣ್ಣಗಾಗಿತ್ತು. ಗ್ಲುಕೋಸ್ ಹಾಕಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಎಲ್ಲರೂ ಉಳಿದರು.

ಅವತ್ತು ವೈದ್ಯರು ನಮಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. ಬೇಗ ವಾಂತಿಯಾದರೆ ಸ್ವಲ್ಪ ಧೈರ್ಯ, ತಡವಾಗಿ ಆದರೆ ಭಯ. ಲಿವರ್ ತೆಗೆಯುವ ಅಣಬೆ ತಿಂದರೆ ಆರು ಗಂಟೆ, ಹನ್ನೆರಡು ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ ಶುರು. ಒಂದು ದಿನ ಕಳೆದ ಮೇಲೆ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಜನ ಮನೆಗೆ ಹೋಗುತ್ತಾರೆ. ಒಳಗೆ ಲಿವರ್ ಕೆಡುತ್ತಲೇ ಇರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು 13 ಜನ ತೀರಿಕೊಂಡ ಸುದ್ದಿ ಓದಿದಾಗ ನನಗೆ ಆ ರಾತ್ರಿ ಕಣ್ಣ ಮುಂದೆ ಬಂತು.

ಯಾರಿಗಾದರೂ ಹೀಗಾದರೆ ಉಳಿದ ಅಣಬೆ, ಕತ್ತರಿಸಿ ಎಸೆದ ಚೂರು, ಬೇಕಾದರೆ ವಾಂತಿ ಕೂಡ ಕಾಗದದ ಪೊಟ್ಟಣದಲ್ಲಿ ಹಾಕಿಕೊಂಡು ತನ್ನಿ. ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಬರೆದುಕೊಂಡು ಬನ್ನಿ. ಒಟ್ಟಿಗೆ ಊಟ ಮಾಡಿದ ಎಲ್ಲರೂ ಬನ್ನಿ, ಚೆನ್ನಾಗಿರುವವರು ಕೂಡ. ಮಜ್ಜಿಗೆ, ನಿಂಬೆಹಣ್ಣು ಅಂತ ಮನೆಯಲ್ಲಿ ಕಾಯಬೇಡಿ. 108 ಕರೆಯಿರಿ.

ಜಗಳೂರು ಅಣ್ಣ:

ಸಿಸ್ಟರ್, ಓದಿ ಮೈ ಜುಂ ಅಂತು. ನಾನು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ರಾತ್ರಿಯೆಲ್ಲ ಯೋಚನೆ ಮಾಡಿದೆ. ನಮ್ಮಪ್ಪ ನಲವತ್ತು ವರ್ಷ ಅಣಬೆ ತಿಂದರು, ಏನೂ ಆಗಲಿಲ್ಲ. ಬೆಳ್ಳಿ ಉಂಗುರ ಕಾಪಾಡಿತು ಅಂತ ನಾವೆಲ್ಲ ನಂಬಿದ್ದೆವು. ಈಗ ಅನ್ನಿಸುತ್ತಿದೆ, ಅಪ್ಪ ತರುತ್ತಿದ್ದದ್ದು ಒಂದೇ ಅಣಬೆ. ರಂಗಯ್ಯನದುರ್ಗದ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳೇ ಹೊಲದ ಎರಡು ಹುತ್ತ. ಅದೇ ಮಳೆ, ಅದೇ ಜಾಗ. ಬೇರೆ ಕಡೆ ಕಂಡದ್ದನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಕಾಪಾಡಿದ್ದು ಅದು. ಉಂಗುರ ಸುಮ್ನೆ ಸಾರಿನಲ್ಲಿ ಕುದಿಯುತ್ತಿತ್ತು ಅಷ್ಟೇ. ನಾವು ಮಕ್ಕಳು ಉಂಗುರ ಕಲಿತೆವು, ಹುತ್ತ ಕಲಿಯಲಿಲ್ಲ. ಈಗ ಆ ಹೊಲವೂ ನಮ್ಮದಲ್ಲ.

ಬಾಟನಿ ಮೇಷ್ಟ್ರು:

ಅಣ್ಣನವರೇ, ನಾನು ಒಂದು ಗಂಟೆ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಸಿಸ್ಟರ್ ಹೇಳಿದ ಖಾಲಿ ಸೈಟಿನ ಅಣಬೆ ನನ್ನ ಊಹೆಯಲ್ಲಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ನಮ್ಮ ಕಡೆ ಹುಲ್ಲುಹಾಸು, ಆಟದ ಮೈದಾನ, ಖಾಲಿ ಜಾಗದಲ್ಲೆಲ್ಲ ಬರುತ್ತದೆ. ಎಳೆಯದಾಗಿದ್ದಾಗ ಅಡಿಯ ಪದರ ಬಿಳಿ. ಬಲಿತ ಮೇಲೆ ಹಸಿರು ಛಾಯೆ. ಅದರ ಬೀಜಕಣದ ಪುಡಿ ಹಸಿರು, ಅದೇ ಅದರ ಗುರುತು. ಹುತ್ತದ ಅಣಬೆಯ ಪುಡಿ ತಿಳಿ ಗುಲಾಬಿ ಕಡೆ. ಅಮಾನಿಟಾದ್ದು ಬಿಳಿ. ಬೊಲೀಟುಗಳದ್ದು ಸಾಮಾನ್ಯವಾಗಿ ಕಂದು, ಅದರಲ್ಲಿ ಸ್ವಲ್ಪ ಆಲಿವ್ ಹಸಿರು ಬೆರೆತ ಹಾಗೆ. ಕಾಗದದ ಮೇಲೆ ಟೋಪಿ ಇಡಿ ಅಂದದ್ದು ಇದಕ್ಕೇ. ಒಂದು ರಾತ್ರಿಯ ಕೆಲಸ, ಖರ್ಚಿಲ್ಲ. ಆದರೆ ಪುಡಿಯ ಬಣ್ಣ ಗುಂಪನ್ನು ಹೇಳುತ್ತದೆ, ಜಾತಿಯನ್ನು ಹೇಳುವುದಿಲ್ಲ.

ಹೊಳಲ್ಕೆರೆ ತೋಟ:

ಎಲ್ಲ ಮಾಡಿದೆ ಮೇಷ್ಟ್ರೇ. ಒಂದೊಂದಾಗಿ ಹೇಳುತ್ತೇನೆ.

ಬುಡದಲ್ಲಿ ಚೀಲ ಇಲ್ಲ. ಕಾಲಿನ ಮೇಲೆ ಬಳೆ ಇಲ್ಲ. ಬಲೆಯಂಥ ಗೆರೆಯೂ ಇಲ್ಲ, ಬರೀ ನುಣುಪು, ಸ್ವಲ್ಪ ಮಸುಕು ಕಂದು. ಕಾಲು ಕೆಳಗೆ ಹೋಗ್ತಾ ಹೋಗ್ತಾ ದಪ್ಪ, ಗಡಿಗೆಯ ಹೊಟ್ಟೆಯ ಹಾಗೆ.

ಸೀಳಿದಾಗ ಒಳಗೆ ಹಳದಿ. ಬೆಣ್ಣೆಗಿಂತ ಗಾಢ. ಎರಡು ಮೂರು ನಿಮಿಷಕ್ಕೆ ಸ್ಪಂಜಿನ ಮೇಲ್ಗಡೆ ಮತ್ತು ಕಾಲಿನ ತಲೆಯ ಹತ್ತಿರ ನೀಲಿ ಹರಡಿತು. ಪೂರ್ತಿ ಅಲ್ಲ, ಮಸಿ ನೀರು ಚೆಲ್ಲಿದ ಹಾಗೆ ಅಲ್ಲಲ್ಲಿ. ಅಪ್ಪ ನೋಡಿ "ವಿಷವೇ ಇದು, ನೀಲಕಂಠನ ಬಣ್ಣ" ಅಂದು ಎದ್ದು ಹೋದರು. ನನಗೂ ಹೆದರಿಕೆ ಆಯಿತು.

ಸ್ಪಂಜು ಟೋಪಿಯಿಂದ ಉಗುರಿನಲ್ಲಿ ಎಬ್ಬಿಸಿದರೆ ಸುಲಭವಾಗಿ ಬಿಡುತ್ತದೆ. ಕಾಗದದ ಮೇಲೆ ಬಿದ್ದ ಪುಡಿ ಕಂದು, ಸ್ವಲ್ಪ ಹಸಿರು ಮಿಶ್ರ. ನೀವು ಹೇಳಿದ ಹಾಗೇ.

ಅಗೆಯುವಾಗ ಇನ್ನೊಂದು ಕಂಡಿತು. ಅಣಬೆಯ ಬುಡದ ಹತ್ತಿರ ಮಾವಿನ ಸಣ್ಣ ಬೇರಿಗೆ ಗಟ್ಟಿ ಕಪ್ಪು ಗಂಟುಗಳು ಅಂಟಿಕೊಂಡಿದ್ದವು. ಕಡಲೆಕಾಯಿಯಷ್ಟು ಗಾತ್ರ. ಒಂದನ್ನು ಒಡೆದೆ. ಒಳಗೆ ಟೊಳ್ಳು, ಬಿಳೀ ಹಿಟ್ಟಿನಂಥ ಹುಳ. ಇದು ಮರಕ್ಕೆ ರೋಗವಾ?

ಬಾಟನಿ ಮೇಷ್ಟ್ರು:

ನೀವು ಆ ಗಂಟು ಒಡೆದು ನೋಡಿದಿರಲ್ಲ, ನನಗೆ ಎಷ್ಟು ಸಂತೋಷವಾಯಿತು ಅಂದರೆ ಎದ್ದು ನಿಂತು ಓದಿದೆ.

ನನ್ನ ಅಂದಾಜು ಈಗ ಫ್ಲೆಬೋಪಸ್. ಬೊಲೀಟುಗಳ ದೊಡ್ಡ ಬಳಗದಲ್ಲಿ ಬಿಸಿ ದೇಶದ ಕುಲ ಇದು. ಇದರ ಪೋರ್ಟೆಂಟೋಸಸ್ ಅನ್ನುವ ಜಾತಿಯನ್ನು 1873ರಲ್ಲಿ ಬರ್ಕ್ಲಿ ಮತ್ತು ಬ್ರೂಮ್ ಶ್ರೀಲಂಕಾದ ಮಾದರಿ ನೋಡಿ ವರ್ಣಿಸಿದರು. ದೊಡ್ಡ ಗಾತ್ರ, ಉಬ್ಬಿದ ಕಾಲು, ಬಲೆಯ ಗೆರೆ ಇಲ್ಲದಿರುವುದು, ಹಳದಿ ಒಳಮೈ, ಅಲ್ಲಲ್ಲಿ ನೀಲಿ, ಕಂದು ಪುಡಿ, ಎಲ್ಲ ಹೊಂದುತ್ತದೆ. ಇದಕ್ಕೆ ಪೈನ್ ಮರ ಬೇಡ. ಇದರ ದಾರಿಯೇ ವಿಚಿತ್ರ. ಬೇರಿನ ರಸ ಹೀರುವ ಹಿಟ್ಟು ತಿಗಣೆಯ ಸುತ್ತ ಇದು ಗಟ್ಟಿ ಕೋಣೆ ಕಟ್ಟುತ್ತದೆ. ತಿಗಣೆ ಒಳಗೆ ಸುರಕ್ಷಿತ. ಅದು ವಿಸರ್ಜಿಸುವ ಸಿಹಿ ಅಂಟು ಅಣಬೆಗೆ ಆಹಾರ. ನೀವು ಒಡೆದದ್ದು ಆ ಕೋಣೆಯೇ ಇರಬೇಕು. ಹಳೇ ದೊಡ್ಡ ಮರಕ್ಕೆ ನಾಲ್ಕು ಗಂಟಿನಿಂದ ದೊಡ್ಡ ನಷ್ಟವಿಲ್ಲ. ಎಳೇ ಗಿಡದ ಬೇರಿನಲ್ಲಿ ತಿಗಣೆ ಜಾಸ್ತಿ ಆದರೆ ಸೊರಗುತ್ತದೆ, ಅದನ್ನು ಮಾತ್ರ ಗಮನಿಸಿ.

ಅಪ್ಪಾಜಿಗೆ ನೀಲಿಯ ವಿಷಯ ಹೇಳಿ. ಬದನೆಕಾಯಿ, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಆ ಥರದ್ದೇ. ಅಣಬೆಯ ಒಳಗೆ ಹಳದಿ ಬಣ್ಣದ ಕೆಲವು ಆಮ್ಲಗಳಿರುತ್ತವೆ. ಕತ್ತರಿಸಿದಾಗ ಗಾಳಿ ತಾಗಿ ನೀಲಿಯಾಗುತ್ತವೆ. ನೀಲಿ ಆಗುವವುಗಳಲ್ಲಿ ಚೆನ್ನಾಗಿ ಬೇಯಿಸಿ ತಿನ್ನುವವೂ ಇವೆ, ಹೊಟ್ಟೆ ಕೆಡಿಸುವವೂ ಇವೆ. ಯುರೋಪಿನಲ್ಲಿ ಸೈತಾನನ ಹೆಸರಿಟ್ಟ ಒಂದು ಬೊಲೀಟ್ ಇದೆ, ಕೆಂಪು ಸ್ಪಂಜು, ನೀಲಿ ಆಗುತ್ತದೆ, ಹಸಿಯಾಗಿ ತಿಂದರೆ ಭಯಂಕರ ವಾಂತಿ. ಅಲ್ಲಿಯವರು ಕೆಂಪು ಸ್ಪಂಜು ಬೇಡ, ನೀಲಿ ಬೇಡ, ಕಹಿ ಬೇಡ ಅಂತ ಮೂರು ಸೂತ್ರ ಮಾಡಿಕೊಂಡಿದ್ದಾರೆ. ಅದು ಅವರ ಕಾಡಿನ ಸೂತ್ರ. ನಮ್ಮ ತೋಟಕ್ಕೆ ತಂದರೆ ಈ ಫ್ಲೆಬೋಪಸ್ಸನ್ನೇ ಎಸೆಯಬೇಕಾಗುತ್ತದೆ. ಅದೇ ಸೂತ್ರದಲ್ಲಿ ಪಾಸಾದ ಇನ್ನೊಂದು ನಮ್ಮ ಹೊಟ್ಟೆ ಕೆಡಿಸಬಹುದು.

ಹಿರಿಯೂರು ಆಯ್ಸ್ಟರ್:

ಮೇಷ್ಟ್ರೇ, ಫ್ಲೆಬೋಪಸ್ ಅಂದರೆ ಥಾಯ್ಲೆಂಡಿನಲ್ಲಿ ಮಾರುಕಟ್ಟೆಯಲ್ಲಿ ಮಾರುವ ಕಪ್ಪು ಬೊಲೀಟ್ ಅಲ್ವಾ? ನಾನು ಹಿರಿಯೂರಿನ ಹತ್ತಿರ ಆಯ್ಸ್ಟರ್ ಅಣಬೆ ಬೆಳೆಯುತ್ತೇನೆ. ತರಬೇತಿಗೆ ಹೋದಾಗ ಇದರ ಬಗ್ಗೆ ಕೇಳಿದ್ದೆ. ಮರದ ಬೇರಿನ ಹಂಗಿಲ್ಲದೆ ಬೀಜ ಹಾಕಿ ಬೆಳೆಸಲು ಆಗಿರುವ ಬೊಲೀಟ್ ಇದು. ಚೀನಾದ ಯುನ್ನಾನ್‌ನಲ್ಲಿ ಕಾರ್ಖಾನೆಯ ಮಟ್ಟದಲ್ಲಿ ಬೆಳೆಯುತ್ತಾರೆ. ಪೋರ್ಚಿನಿಯನ್ನು ಹಾಗೆ ಬೆಳೆಯಲು ಇನ್ನೂ ಆಗಿಲ್ಲ, ಅದಕ್ಕೇ ಆ ಬೆಲೆ.

ನಮ್ಮ ಜಿಲ್ಲೆಯ ಮಾವಿನ ಬುಡದಲ್ಲೇ ಇದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ಚೂರು ಅಂಗಾಂಶ ಸಿಕ್ಕರೆ ಬೀಜ ಮಾಡಲು ಪ್ರಯತ್ನಿಸಬಹುದಾ?

ಚನ್ನಗಿರಿ ಹುಡುಗ:

ಹಾಗಿದ್ರೆ ತಿನ್ನಬಹುದು ಅಂತಾಯ್ತು?

ಬಾಟನಿ ಮೇಷ್ಟ್ರು:

ಇಲ್ಲ ತಮ್ಮಾ, ಇನ್ನೂ ಆಗಿಲ್ಲ. ನಾನು ಇನ್ನೂ ಆ ಅಣಬೆಯನ್ನು ಕೈಯಲ್ಲಿ ಹಿಡಿದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಬೇಕು. ಪೋರ್ಚಿನಿಯಂಥ ಬೊಲೀಟುಗಳ ಕಣ ಉದ್ದ, ನೂಲಿನ ಕದಿರಿನ ಹಾಗೆ. ಫ್ಲೆಬೋಪಸ್‌ನದು ಗಿಡ್ಡ, ಮೊಟ್ಟೆಯ ಆಕಾರ. ಅದು ಕಂಡರೆ ಕುಲ ಗಟ್ಟಿಯಾಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗ ಇದೆ, ಅಂಥ ಕಡೆ ಮಾದರಿ ತೋರಿಸಬಹುದು. ನನ್ನ ಹತ್ತಿರವೂ ಹಳೇ ಸೂಕ್ಷ್ಮದರ್ಶಕ ಇದೆ. ಹೊಳಲ್ಕೆರೆ ನನಗೆ ದೂರವಲ್ಲ, ಭಾನುವಾರ ಬಸ್ಸಿಗೆ ಬರುತ್ತೇನೆ. ತೋಟದವರು ಒಂದು ಅಣಬೆಯನ್ನು ಸೀಳಿ, ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ರಾತ್ರಿಯೊಳಗೆ ಕೊಳೆಯುತ್ತದೆ. ಒಳ್ಳೇ ಅಣಬೆಯೂ ಕೊಳೆತರೆ ಹೊಟ್ಟೆ ಕೆಡಿಸುತ್ತದೆ.

ಹಿರಿಯೂರಿನವರೇ, ಅಂಗಾಂಶ ಹಳೇ ಅಣಬೆಯಿಂದ ಬರುವುದಿಲ್ಲ. ಎಳೇ ಮೊಗ್ಗು ಬಂದಾಗ ನೋಡೋಣ. ಹೆಸರಘಟ್ಟದಲ್ಲಿರುವ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅಣಬೆ ಪ್ರಯೋಗಾಲಯದವರನ್ನೂ ಕೇಳಿ.

ತೋಟದವರಿಗೆ ಒಂದು ಪ್ರಶ್ನೆ. ಆ ಮಾವಿನ ಮರಗಳಿಗೆ ಏನು ಸಿಂಪಡಿಸಿದ್ದೀರಿ? ಬದುವಿಗೆ ಕಳೆನಾಶಕ ಹೊಡೆದಿದ್ದೀರಾ?

ಜೋಗಿಮಟ್ಟಿ ಚಾರಣ:

ಮೇಷ್ಟ್ರೇ, ನಡುವೆ ಬಂದದ್ದಕ್ಕೆ ಕ್ಷಮಿಸಿ. ಹೋದ ವಾರ ಜೋಗಿಮಟ್ಟಿಯಲ್ಲಿ ಇಂಥದ್ದೇ ಸ್ಪಂಜಿನ ಅಡಿ ಇರುವ ಅಣಬೆ ಬಿದ್ದ ಮರದ ದಿಮ್ಮಿ ಮೇಲೆ ನೋಡಿದೆ. ಬಹಳ ಗಟ್ಟಿ, ಕಾಲಿಲ್ಲ, ಅರ್ಧ ತಟ್ಟೆಯ ಹಾಗೆ. ಅದೂ ಬೊಲೀಟಾ? ಮುಂದಿನ ಸಲ ತರಲಾ?

ಬಾಟನಿ ಮೇಷ್ಟ್ರು:

ಅಲ್ಲ. ಅದು ಮರ ತಿನ್ನುವ ಪಾಲಿಪೋರ್. ತೂತು ಎರಡರಲ್ಲೂ ಇರುತ್ತದೆ. ಬೊಲೀಟ್ ಮೆತ್ತಗೆ, ಬೆರಳಲ್ಲಿ ಒತ್ತಿದರೆ ಕುಸಿಯುತ್ತದೆ, ಸ್ಪಂಜು ಟೋಪಿಯಿಂದ ಬೇರೆಯಾಗಿ ಬರುತ್ತದೆ. ಪಾಲಿಪೋರ್ ಚಕ್ಕೆಯ ಹಾಗೆ. ಮತ್ತೆ, ಜೋಗಿಮಟ್ಟಿ ವನ್ಯಜೀವಿಧಾಮ. ಅಲ್ಲಿಂದ ಏನನ್ನೂ ತರಬೇಡಿ. ಫೋಟೋ ಸಾಕು.

ಹೊಳಲ್ಕೆರೆ ತೋಟ:

ಮೇಷ್ಟ್ರೇ, ಸಿಂಪಡಣೆಯ ಪ್ರಶ್ನೆ ನೋಡಿ ಅಪ್ಪನನ್ನು ಕೇಳಿದೆ. ಹೂ ಬಿಟ್ಟಾಗ ಜಿಗಿಹುಳಕ್ಕೆ ಎರಡು ಸಲ ಔಷಧಿ ಹೊಡೆಸಿದ್ದಾರೆ. ಬದುವಿಗೆ ಮಳೆಗೆ ಮುಂಚೆ ಕಳೆನಾಶಕ. ಆ ಮರದ ಬುಡಕ್ಕೂ ಬಿದ್ದಿದೆಯಂತೆ. ಈ ವಿಷಯ ನನಗೆ ಹೊಳೆದೇ ಇರಲಿಲ್ಲ.

ಬಾಟನಿ ಮೇಷ್ಟ್ರು:

ಹಾಗಾದರೆ ಈ ವರ್ಷದ್ದು ತಿನ್ನುವ ಮಾತು ಮುಗಿಯಿತು. ಹೆಸರು ಏನೇ ಬರಲಿ. ಅಣಬೆ ನೆಲದಲ್ಲಿ ಇರುವುದನ್ನು ಹೀರಿಕೊಳ್ಳುವುದರಲ್ಲಿ ಬಹಳ ಮುಂದು. ಸೀಸ, ಕ್ಯಾಡ್ಮಿಯಮ್‌ನಂಥ ಲೋಹಗಳನ್ನು ಮೈಯಲ್ಲಿ ಕೂಡಿಡುತ್ತದೆ. ಹೆದ್ದಾರಿ ಬದಿಯದ್ದು, ಔಷಧಿ ಹೊಡೆದ ತೋಟದ್ದು, ಕಾರ್ಖಾನೆ ಹತ್ತಿರದ್ದು, ಎಷ್ಟೇ ಒಳ್ಳೇ ಜಾತಿ ಇದ್ದರೂ ಬಿಟ್ಟುಬಿಡಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಹಾಗಾಗಿ ಅವರು ಹೇಳಿಕೊಟ್ಟದ್ದರ ಜೊತೆಗೆ ನಾವು ಇದೊಂದನ್ನು ಸೇರಿಸಿಕೊಳ್ಳಬೇಕು.

ಭಾನುವಾರ ಬರುವುದು ಮಾತ್ರ ತಪ್ಪಿಸುವುದಿಲ್ಲ.

ಮೂಡಿಗೆರೆ ತವರು:

ಮೇಷ್ಟ್ರೇ, ಭಾನುವಾರ ನಾನೂ ನನ್ನ ಮಗಳೂ ಬರಬಹುದಾ? ಅವಳಿಗೆ ಹತ್ತು ವರ್ಷ. ನೆಲದಿಂದ ಎದ್ದ ಅಣಬೆಯನ್ನು ಅವಳು ಒಂದು ಸಲವೂ ನೋಡಿಲ್ಲ.

ಹೊಳಲ್ಕೆರೆ ತೋಟ:

ಅಕ್ಕ, ಖಂಡಿತ ಬನ್ನಿ. ಊಟ ನಮ್ಮ ಮನೆಯಲ್ಲಿ. ಅಣಬೆ ಇರಲ್ಲ, ಅವ್ವನ ಮುದ್ದೆ, ಸೊಪ್ಪಿನ ಸಾರು ಇರುತ್ತದೆ.

ಹೊಳಲ್ಕೆರೆ ತೋಟ (ಭಾನುವಾರ ರಾತ್ರಿ):

ಮೇಷ್ಟ್ರು ಬಂದಿದ್ದರು. ಸೂಕ್ಷ್ಮದರ್ಶಕವನ್ನು ಟವೆಲ್‌ನಲ್ಲಿ ಸುತ್ತಿ ಚೀಲದಲ್ಲಿ ತಂದಿದ್ದರು. ಕಾಗದದ ಮೇಲಿನ ಪುಡಿಯಿಂದ ಒಂದು ಚಿಟಿಕೆ ತೆಗೆದು ಗಾಜಿನ ಮೇಲಿಟ್ಟರು. ಅಕ್ಕನ ಮಗಳು ಮೊದಲು ನೋಡಿ "ರಾಗಿ ಥರ ಇದೆ, ಆದರೆ ಸ್ವಲ್ಪ ಉದ್ದ" ಅಂದಳು. ಮೇಷ್ಟ್ರು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫ್ಲೆಬೋಪಸ್ಸೇ ಅಂದರು. ಪೋರ್ಟೆಂಟೋಸಸ್ ಹೌದೋ ಅಲ್ಲವೋ ಅಂತ ಹೇಳಲು ಡಿಎನ್‌ಎ ನೋಡಬೇಕಂತೆ. ಒಣಗಿದ ಮಾದರಿ, ಗಂಟು ಅಂಟಿದ ಬೇರು ಎರಡನ್ನೂ ತೆಗೆದುಕೊಂಡು ಹೋಗಿದ್ದಾರೆ. ಪೊಟ್ಟಣದ ಮೇಲೆ ಊರು, ಮರ, ತಾರೀಖು, ಮಳೆಯ ಹೆಸರು ಎಲ್ಲ ಬರೆಸಿಕೊಂಡರು.

ಅವ್ವ ಕೊನೆಯಲ್ಲಿ ಅವರನ್ನು ಕೇಳಿದಳು, "ಹಾಗಾದ್ರೆ ನಾನು ಹೇಳಿದ್ದು ತಪ್ಪಾ?" ಅಂತ. ಮೇಷ್ಟ್ರು "ಇಲ್ಲವ್ವ, ನಿಮಗೆ ಗೊತ್ತಿಲ್ಲದ್ದನ್ನು ನೀವು ಮಕ್ಕಳಿಗೆ ಬಡಿಸಲಿಲ್ಲ" ಅಂದರು. ಅವ್ವ ಅವರಿಗೆ ಎರಡನೇ ಸಲ ಮುದ್ದೆ ಹಾಕಿದಳು.

ಬದುವಿಗೆ ಇನ್ನು ಕಳೆನಾಶಕ ಬೇಡ, ಕುಡುಗೋಲಲ್ಲೇ ಹೆರೆಸೋಣ ಅಂತ ಅಪ್ಪ ಒಪ್ಪಿದ್ದಾರೆ. ಸಂಜೆ ಎಲ್ಲರೂ ಹೊರಟ ಮೇಲೆ ಆ ಮರದ ಹತ್ತಿರ ಹೋದೆ. ದರಗಿನ ಕೆಳಗೆ ಎರಡು ಹೊಸ ಮೊಗ್ಗು ಎದ್ದಿವೆ. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಅದಕ್ಕಿಂತ ಸಣ್ಣದು. ಹಿರಿಯೂರಿನವರೇ, ಎಳೇದು ಬೇಕು ಅಂದಿದ್ದರಲ್ಲ, ಬರುವುದಾದರೆ ಎರಡು ದಿನದಲ್ಲಿ ಬನ್ನಿ. ಎಮ್ಮೆ ತುಳಿಯಬಾರದು ಅಂತ ಅಪ್ಪ ಸುತ್ತ ನಾಲ್ಕು ಕಡ್ಡಿ ನೆಟ್ಟು ಬಾಳೆನಾರು ಕಟ್ಟಿದ್ದಾರೆ.